ಜಾಹೀರ್ ನಿಷೇಧ

"ಇದು ನಮ್ಮ ಕಲ್ಲಿಗೆ ಬೇಡ, ಬಾಯೀ," ಎಂದು ನಾಗಪುರದಾಚೆಯ ವಾಡಿಯ ಗಿರಣಿಯವನು ಚೀಲವನ್ನು ಸೀತಾಲಕ್ಷ್ಮಿಯ ಕಡೆಗೇ ತಳ್ಳಿದ. ಚೀಲದಲ್ಲಿದ್ದದ್ದು ರಾಗಿ. ಇದನ್ನು ಬೀಸಿದರೆ ಹಿಂದೆ ಬರುವ ಗೋಧಿಹಿಟ್ಟೆಲ್ಲ ಕಪ್ಪಾಗುತ್ತದೆ, ಗಿರಾಕಿಗಳು ನನ್ನನ್ನು ಹಿಡಿದುಕೊಳ್ಳುತ್ತಾರೆ ಎಂದು ಹಿಂದಿಯಲ್ಲಿ ಹೇಳಿದ. ಸಿಟ್ಟೇನೂ ಇರಲಿಲ್ಲ, ಹೇಳಿ ಹೇಳಿ ಸಾಕಾದವನ ದನಿ. ಎಲ್ಲರದೂ ಆದಮೇಲೆ ಕೊನೆಗೆ ಬೀಸಿ, ನಾನು ಕಾಯುತ್ತೇನೆ ಎಂದಳು ಸೀತಾಲಕ್ಷ್ಮಿ. ಇಲ್ಲಿ ಕೊನೆ ಅನ್ನುವುದೇ ಇಲ್ಲ, ಢಾಬಾದವರು ಬರುತ್ತಲೇ ಇರುತ್ತಾರೆ ಎಂದು ಅವನು ಮುಂದಿನವರ ಡಬ್ಬಿಗೆ ಕೈ ಹಾಕಿದ.

ಶೇರ್ ಆಟೋದಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅವಳು ವಾಪಸ್ಸು ಹೊರಟಳು. ಅಮರಾವತಿ ರಸ್ತೆಯ ಲಾರಿಗಳು ಒಂದರ ಹಿಂದೊಂದು ನಿಂತು ಹೊಗೆ ಬಿಡುತ್ತಿದ್ದವು. ಪಕ್ಕದಲ್ಲಿ ಕೂತವನು ಮೊಬೈಲಿನಲ್ಲಿ ಯಾರೋ ಯಾರನ್ನೋ ಖಂಡಿಸುವ ಭಾಷಣವನ್ನು ಎಲ್ಲರಿಗೂ ಕೇಳುವ ಹಾಗೆ ಹಾಕಿಕೊಂಡಿದ್ದ. ಸೀತಾಲಕ್ಷ್ಮಿಗೆ ಸುಸ್ತಾಗಿತ್ತು. ಐವತ್ತು ದಾಟಿದ ಹೆಂಗಸು ಒಂದು ಮುಷ್ಟಿ ರಾಗಿಹಿಟ್ಟಿಗಾಗಿ ಊರಾಚೆ ಹೋಗಿ ಬೇಡಿಕೊಂಡು ಬರಿಗೈಯಲ್ಲಿ ಬರಬೇಕೆಂದರೆ ಯಾರಿಗಾದರೂ ಸುಸ್ತಾಗುತ್ತದೆ. ಅದರಲ್ಲೂ ಪ್ರತಾಪ ನಗರದ ಅವಳ ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ, ತಿರುವಿನ ಆಚೆಗೇ ಒಂದು ಗಿರಣಿ ಇತ್ತು. ರಾಗಿಯನ್ನೂ ಬೀಸಿಕೊಡುವ ಗಿರಣಿ. ಆದರೆ ಆ ಗಿರಣಿಗೆ ಕಾಲೊನಿಯವರು ನಿಷೇಧ ಹಾಕಿದ್ದರು.

ಗಿರಣಿ ಕುಸುಮತಾಯಿಯದು. ಗಂಡ ಮಧುಸೂದನನಿಗೆ ವಿಮಾ ಕಚೇರಿಯಲ್ಲಿ ಮಂಡ್ಯದಿಂದ ನಾಗಪುರಕ್ಕೆ ವರ್ಗವಾಗಿ ಬಂದ ಹೊಸತರಲ್ಲಿ ಸೀತಾಲಕ್ಷ್ಮಿಯನ್ನು ಇಲ್ಲಿ ಮಾತಾಡಿಸಿದ ಮೊದಲ ಜೀವ ಅವಳು. ರಾಗಿ ಕಂಡು ಮೊದಲು ಅವಳೂ ಮುಖ ಸಿಂಡರಿಸಿದ್ದಳು. ಆಮೇಲೆ ಅವಳೇ ಒಂದು ದಾರಿ ಹುಡುಕಿದಳು. ಭಾನುವಾರ ಮಧ್ಯಾಹ್ನ ಗೋಧಿ, ಜೋಳ, ಕಡಲೆ ಎಲ್ಲ ಮುಗಿದು ಕಲ್ಲು ಬಿಚ್ಚಿ ಗುಡಿಸುವ ಮುಂಚೆ, ಕಟ್ಟಕಡೆಗೆ ವಹಿನಿಯ ರಾಗಿ. ವಹಿನಿ ಎಂದರೆ ಅತ್ತಿಗೆ, ಸೀತಾಲಕ್ಷ್ಮಿಯನ್ನು ಅವಳು ಕರೆಯುತ್ತಿದ್ದದ್ದು ಹಾಗೆ. ಸೀತಾಲಕ್ಷ್ಮಿ ಅಲ್ಲಿ ಹೋಗಿ ಕೂತರೆ ಸಂಜೆವರೆಗೂ ಏಳುತ್ತಿರಲಿಲ್ಲ. ಕುಸುಮತಾಯಿ ಮರಾಠಿ ಕಲಿಸಿದಳು, ಅರ್ಧಂಬರ್ಧ. ಇವಳು ಮುದ್ದೆ ನುಂಗುವುದನ್ನು ಕಲಿಸಿದಳು, ಅದೂ ಅರ್ಧಂಬರ್ಧ, ಏಕೆಂದರೆ ಕುಸುಮತಾಯಿ ಕೊನೆಯವರೆಗೂ ಅಗಿದೇ ತಿಂದಳು. ಅವಳ ಗಂಡ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದ. ಎರಡೂ ಮೂತ್ರಪಿಂಡ ಕೈಕೊಟ್ಟು ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗುತ್ತಿದ್ದ ಮನುಷ್ಯ. ಇವಳನ್ನು ಹೆಸರು ಹಿಡಿದು ಕರೆಯದೆ "ಏನು ಕರ್ನಾಟಕ, ಮಳೆ ಬಂತಾ?" ಎಂದು ಮರಾಠಿಯಲ್ಲಿ ಕೇಳಿ, ಉತ್ತರಕ್ಕೆ ಮೊದಲೇ ನಕ್ಕುಬಿಡುತ್ತಿದ್ದ.

ಮಳೆಯ ಸುದ್ದಿ ಬೇಕಿದ್ದರೆ ಮಧುಸೂದನನನ್ನು ಕೇಳಬೇಕಿತ್ತು. ಕಚೇರಿಯಿಂದ ಬಂದು ಕೈಕಾಲು ತೊಳೆದರೆ ಮಲಗುವವರೆಗೂ ಅವನದು ಕನ್ನಡದ ನ್ಯೂಸ್ ಚಾನೆಲ್ಲು. ಕೆಆರ್‌ಎಸ್‌ಗೆ ಎಷ್ಟು ಕ್ಯೂಸೆಕ್ ಒಳಹರಿವು, ಎಷ್ಟು ಹೊರಹರಿವು, ಯಾವ ಶಾಸಕ ಯಾರ ಮನೆಗೆ ಊಟಕ್ಕೆ ಹೋದ ಎನ್ನುವುದೆಲ್ಲ ಅವನ ನಾಲಿಗೆಯ ತುದಿಯಲ್ಲಿತ್ತು. ಅವನು ವಾಸವಾಗಿದ್ದ ಓಣಿಯಲ್ಲಿ ಏನು ನಡೆಯುತ್ತಿದೆ ಎನ್ನುವುದು ಮಾತ್ರ ಗೊತ್ತಿರಲಿಲ್ಲ. ಕಾಲೊನಿಯ ವಾಟ್ಸಾಪ್ ಗುಂಪಿನಲ್ಲಿ ಮನೆಗೊಬ್ಬರಂತೆ ಅವನಿದ್ದ. ಇಡೀ ದಿನ ಮರಾಠಿಯಲ್ಲಿ ಗುಡ್ ಮಾರ್ನಿಂಗ್ ಹೇಳುತ್ತಾರೆ ಎಂದು ಬೇಸತ್ತು ಅದರ ಸದ್ದು ಅಡಗಿಸಿ, ಆಮೇಲೆ ತೆರೆದು ನೋಡುವುದನ್ನೂ ಬಿಟ್ಟಿದ್ದ.

ಮಗಳು ಕೃತಿಯದು ಇನ್ನೊಂದು ಬಗೆ. ಕಾಲೇಜಿಗೆ ಹೋಗುವ ಹುಡುಗಿ, ಲೋಕದ ಯಾವ ಮೂಲೆಯಲ್ಲಿ ಅನ್ಯಾಯವಾದರೂ ಅವಳ ಮೊಬೈಲಿಗೆ ಮೊದಲು ತಿಳಿಯುತ್ತಿತ್ತು. ಈ ತಂಪು ಪಾನೀಯ ಕುಡಿಯಬಾರದು, ಆ ಕಾಫಿ ಅಂಗಡಿಗೆ ಹೋಗಬಾರದು, ಇನ್ಯಾವುದೋ ಲಿಪ್‌ಸ್ಟಿಕ್ ಮುಟ್ಟಬಾರದು. ಅವಳ ಬಹಿಷ್ಕಾರಗಳಲ್ಲಿ ಒಂದು ಅನುಕೂಲವಿತ್ತು. ಅವೆಲ್ಲ ಈ ಮನೆಗೆ ಎಂದೂ ಬಾರದ ವಸ್ತುಗಳು. ತಿಂಗಳೊಪ್ಪತ್ತಿನಲ್ಲಿ ಹಳೆಯದು ಮರೆತು ಹೊಸದು ಬರುತ್ತಿತ್ತು. ಹುಡುಗಿಯ ಮನಸ್ಸು ಒಳ್ಳೆಯದು, ಆ ಮಾತು ಬೇರೆ.

ಸೀತಾಲಕ್ಷ್ಮಿ ಸುದ್ದಿ ನೋಡುವವಳಲ್ಲ, ಘೋಷಣೆ ಕೂಗುವವಳೂ ಅಲ್ಲ. ಮದ್ದೂರಿನಲ್ಲಿ ಅವಳಪ್ಪನದು ಹೆದ್ದಾರಿಗೆ ಬಾಯಿಟ್ಟುಕೊಂಡ ಬಟ್ಟೆ ಅಂಗಡಿ. ಕಾವೇರಿ ಗಲಾಟೆಯ ಕಾಲದಲ್ಲಿ ವಾರಕ್ಕೊಂದು ಬಂದ್. ಕರೆ ಕೊಟ್ಟವರು ಯಾರು, ಯಾತಕ್ಕೆ ಎಂದು ಅಪ್ಪ ಒಂದು ದಿನವೂ ಕೇಳಿದವರಲ್ಲ. ಬಂದ್ ಅಂದರೆ ಷಟರ್ ಎಳೆಯುವುದು, ಒಳಗೆ ಕೂತು ಎಲೆಯಡಿಕೆ ಹಾಕಿಕೊಳ್ಳುವುದು. ತೆರೆದಿಟ್ಟವರ ಗಾಜು ಒಡೆಯುತ್ತಿತ್ತು, ಅವರ ಅಂಗಡಿಯದು ಎಂದೂ ಒಡೆಯಲಿಲ್ಲ. ಹತ್ತು ಜನ ಸೇರಿ ಹೇಳಿದ್ದನ್ನು ತೆಪ್ಪಗೆ ಮಾಡಿದರೆ ಯಾವ ತಕರಾರೂ ಇಲ್ಲವೆಂಬುದನ್ನು ಅವಳು ಹಾಗೆ ಕಲಿತಿದ್ದಳು. ಪರ ಊರಿನಲ್ಲಂತೂ ಅದು ಇನ್ನೂ ನಿಜ ಎಂದು ನಂಬಿದ್ದಳು.

ಬೇಸಿಗೆಯಲ್ಲಿ ಕುಸುಮತಾಯಿಯ ಗಿರಣಿಯ ತಾರಸಿಯ ಮೇಲೆ ಮೊಬೈಲ್ ಟವರ್ ಎದ್ದಿತು. ಯಾವುದೋ ಕಂಪನಿಯವರು ಬಾಡಿಗೆ ಕೊಡುತ್ತಾರೆ, ಗಂಡನ ಆಸ್ಪತ್ರೆಯ ಖರ್ಚಿಗಾಗುತ್ತದೆ ಎಂದು ಅವಳೇ ಸೀತಾಲಕ್ಷ್ಮಿಗೆ ಹೇಳಿದ್ದಳು. ಕಾಲೊನಿಯವರಿಗೆ ಹೊಟ್ಟೆಯಲ್ಲಿ ಕಿಚ್ಚಿಟ್ಟ ಹಾಗಾಯಿತು. ಅದರ ಕಿರಣದಿಂದ ಮಕ್ಕಳಿಗೆ ಕಾಯಿಲೆ ಬರುತ್ತದೆ, ಗುಬ್ಬಿಗಳು ಸಾಯುತ್ತವೆ ಎಂದು ಒಂದು ಬೆಳಿಗ್ಗೆ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಗಿರಣಿಯ ಮುಂದೆ ಕೂತರು. ಕಾಲೊನಿ ಸೊಸೈಟಿಯ ಸೆಕ್ರೆಟರಿಯ ಹೆಂಡತಿ ಮೈಕ್ ಹಿಡಿದು ಕೂಗಿದ್ದು ಇವಳ ಬಾಲ್ಕನಿಗೂ ಕೇಳಿಸಿತು. ಧರಣಿಯ ವಿಡಿಯೋಗಳು ಹೊಸ ಟವರಿನ ದಯೆಯಿಂದ ಹಿಂದೆಂದೂ ಇಲ್ಲದ ವೇಗದಲ್ಲಿ ಮನೆಮನೆಗೂ ಹಂಚಿಹೋದವು.

ಮರುದಿನ ಕಾಲೊನಿಯ ಗೇಟಿಗೆ ಒಂದು ಫಲಕ ಬಂತು. ಸೀತಾಲಕ್ಷ್ಮಿ ಶಾಲೆಯಲ್ಲಿ ಹಿಂದಿ ಪರೀಕ್ಷೆಗಳನ್ನು ಕಟ್ಟಿ ಪಾಸಾದವಳು, ನಾಗರಿ ಅಕ್ಷರ ಕೂಡಿಸಿ ಓದಬಲ್ಲಳು. ಉದ್ದದ ವಾಕ್ಯದಲ್ಲಿ ಅವಳಿಗೆ ತಿಳಿದದ್ದು ಟವರ್, ಗಿರಣಿ, ಕುಸುಮತಾಯಿಯ ಹೆಸರು, ಕೊನೆಗೆ ಕೆಂಪು ಅಕ್ಷರದ 'ಜಾಹೀರ್ ನಿಷೇಧ'. ಜಾಹೀರ್ ಅಂದರೆ ಬಹಿರಂಗ. ನಿಷೇಧವನ್ನು ಯಾರಾದರೂ ಹೇಳಿಕೊಡಬೇಕೆ? ಊರಿನ ಬಸ್ಸುಗಳಲ್ಲಿ ಬೀಡಿ ಸಿಗರೇಟಿಗೆ ಹಾಕಿರುವುದೂ ಅದೇ, ಅಣೆಕಟ್ಟೆಯ ಗೇಟಿನಲ್ಲಿ ಅಪರಿಚಿತರಿಗೆ ಹಾಕಿರುವುದೂ ಅದೇ. ಗಿರಣಿಗೆ ಯಾರೂ ಹೋಗಬಾರದು ಎಂದಾಯಿತು. ಮಧುಸೂದನನಿಗೆ ಹೇಳಿದಾಗ ಅವನು ಟಿವಿಯಿಂದ ಕಣ್ಣು ತೆಗೆಯದೆ, "ಹಂಗಾದ್ರೆ ಹೋಗ್ಬೇಡ. ನಾವು ಹೊರಗಿನೋರು, ಇವರ ಜಗಳದಲ್ಲಿ ನಮಗ್ಯಾಕೆ ತಲೆನೋವು," ಎಂದಿದ್ದ.

ಅವಳು ಹೋಗಲಿಲ್ಲ. ಆ ಭಾನುವಾರ ಹೋಗಲಿಲ್ಲ, ಮುಂದಿನ ಭಾನುವಾರವೂ ಹೋಗಲಿಲ್ಲ. ತರಕಾರಿಗೆ ಅದೇ ದಾರಿಯಲ್ಲಿ ಹೋಗಬೇಕಾದಾಗ ಸೆರಗು ಹೊದ್ದು ನೆಲ ನೋಡಿಕೊಂಡು ದಾಟುತ್ತಿದ್ದಳು. ಒಮ್ಮೆ ಒಳಗಿನಿಂದ "ವಹಿನಿ" ಎಂದು ಕರೆದದ್ದು ಸ್ಪಷ್ಟವಾಗಿ ಕೇಳಿಸಿತು. ಅವಳ ಬೆನ್ನು ಬಿಸಿಯಾಯಿತು, ಕಾಲು ಮಾತ್ರ ನಿಲ್ಲಲಿಲ್ಲ. ಒಂದೆರಡು ಸಲ ಓಣಿಯಲ್ಲಿ ಯಾರೋ ಹಿಟ್ಟಿನ ಡಬ್ಬಿ ಹೊತ್ತು ಬರುವುದನ್ನು ಕಂಡಳು. ಹೇಳಿದ ಮಾತು ಕೇಳದವರು ಎಲ್ಲ ಕಡೆಯೂ ಇರುತ್ತಾರೆ ಎಂದುಕೊಂಡಳು. ಮನೆಯಲ್ಲಿ ಮುದ್ದೆ ನಿಂತಿತು. ಗಂಡ ಚಪಾತಿಯನ್ನು ಮುರಿಯುತ್ತ ದಿನವೂ ಒಂದು ನಿಟ್ಟುಸಿರು ಬಿಡುತ್ತಿದ್ದ.

ಮಳೆಗಾಲದ ನಡುವೆ ಕುಸುಮತಾಯಿಯ ಗಂಡ ತೀರಿಕೊಂಡ. ಹಾಲಿನವನು ಹೇಳಿದಾಗ ಸೀತಾಲಕ್ಷ್ಮಿ ಹಾಲನ್ನೂ ಹಾಕಿಸಿಕೊಳ್ಳಲಿಲ್ಲ. ಕೈಯಲ್ಲಿದ್ದ ಪಾತ್ರೆಯನ್ನು ಹಾಗೇ ಕಟ್ಟೆಯ ಮೇಲಿಟ್ಟು ಸೀರೆ ಬದಲಿಸಿ ಹೊರಟೂ ಬಿಟ್ಟಿದ್ದಳು. ಬಾಗಿಲ ಬಳಿ ನಿಂತು ಗಂಡನನ್ನು ಒಂದು ಮಾತು ಕೇಳಿದಳು. ಅಂದು ಕೆಆರ್‌ಎಸ್ ಅಣೆಕಟ್ಟೆ ತುಂಬುವ ದಿನ, ಅವನ ಕಣ್ಣು ಟಿವಿಯಲ್ಲಿತ್ತು. "ಸೊಸೈಟಿಯವರು ಯಾರಾದ್ರೂ ಹೋಗ್ತಾರಾ ನೋಡ್ಕೊ. ನಾವೇ ಮೊದಲು ಹೋಗಿ ಎಲ್ಲರ ಕಣ್ಣಿಗೆ ಬೀಳೋದು ಬೇಡ," ಎಂದ ಅವನು. ನೋಡಿಕೊಳ್ಳುವುದು ಹೇಗೆ? ಬಾಲ್ಕನಿಯಿಂದ ತಿರುವಿನ ಆಚೆಯದು ಕಾಣುತ್ತಿರಲಿಲ್ಲ, ಟವರಿನ ತುದಿ ಮಾತ್ರ ಕಾಣುತ್ತಿತ್ತು. ಅವಳು ಅಲ್ಲೇ ನಿಂತಳು. ಮಳೆ ಬಂತು, ನಿಂತಿತು, ಶವಯಾತ್ರೆಯ ತಾಳದ ಸದ್ದು ದೂರವಾಯಿತು. ಆಮೇಲೆ ಒಳಗೆ ಬಂದು ಸೀರೆ ಬದಲಿಸಿದಳು. ಅವತ್ತಿನಿಂದ ಅವಳಿಗೆ ತನ್ನ ಮೇಲೇ ಒಂದು ಥರದ ಹೇಸಿಗೆ ಹುಟ್ಟಿ, ಹೋಗದೆ ಉಳಿದಿತ್ತು.

ಈಗ ವಾಡಿಯಿಂದ ಚೀಲ ಹೊತ್ತು ಬಂದು ಮೆಟ್ಟಿಲು ಹತ್ತುವಾಗ ಮೇಲಿನ ಮನೆಯ ಚಾರುಲತಾ ಎದುರಾದಳು. ಮರಾಠಿಯ ಹೆಂಗಸು, ಮಾತಿನ ಮಲ್ಲಿ. ಚೀಲದಲ್ಲೇನು ಎಂದು ಕೇಳಿದಳು. ಸೀತಾಲಕ್ಷ್ಮಿ ಸುಳ್ಳು ಹೇಳಲೂ ಶಕ್ತಿಯಿಲ್ಲದೆ ವಾಡಿಯವರೆಗೆ ಹೋಗಿ ಬಂದ ಕಥೆ ಹೇಳಿದಳು. ಚಾರುಲತಾ ಕಣ್ಣು ಕಣ್ಣು ಬಿಟ್ಟಳು. ಕುಸುಮತಾಯಿಯ ಗಿರಣಿ ಬಿಟ್ಟು ವಾಡಿಗೇಕೆ ಹೋದಿರಿ, ನಾನು ಈಗಷ್ಟೇ ಅಲ್ಲಿಂದ ಜೋಳದ ಹಿಟ್ಟು ತಂದೆ ಎಂದಳು. ಸೀತಾಲಕ್ಷ್ಮಿ ದನಿ ತಗ್ಗಿಸಿ, ಅಲ್ಲಿ ನಿಷೇಧ ಇದೆಯಲ್ಲ ಎಂದಳು.

"ನಿಷೇಧ ನಾವೇ ಮಾಡಿದ್ದು," ಎಂದು ಚಾರುಲತಾ ನಕ್ಕಳು. "ಒಂದು ಬೆಳಿಗ್ಗೆ ಮಾಡಿದ್ವಿ, ಮುಗೀತು. ಅದಕ್ಕೂ ಹಿಟ್ಟಿಗೂ ಏನು ಸಂಬಂಧ?"

ಈ ಮಾತು ಕೇಳಿ ಬಾಗಿಲು ತೆಗೆದ ಕೃತಿಗೆ ಮೊದಲು ನಗು ಬಂತು, ಅಮ್ಮನ ಮುಖ ನೋಡಿ ನಿಂತಿತು. "ಅಮ್ಮಾ, ಮರಾಠಿಲಿ ನಿಷೇಧ ಅಂದ್ರೆ ಬ್ಯಾನ್ ಅಲ್ಲ. ಪ್ರೊಟೆಸ್ಟ್. ಖಂಡನೆ ಅಂತಾರಲ್ಲ, ಬರೋಬರ್ ಅದು. ಬ್ಯಾನ್‌ಗೆ ಇವರು ಬಂದಿ ಅಂತಾರೆ. ಫಲಕದಲ್ಲಿ ಅಷ್ಟೇ ಇದ್ದಿದ್ದು, ನಾವು ಖಂಡಿಸ್ತೀವಿ ಅಂತ. ನೀನು ಇದಕ್ಕಾ ಅಲ್ಲಿಗೆ ಹೋಗ್ತಿರ್ಲಿಲ್ಲ? ನಾನು ನಿಂಗೆ ಗಿರಣಿ ಆಂಟಿ ಜೊತೆ ಜಗಳ ಆಗಿದೆ ಅನ್ಕೊಂಡಿದ್ದೆ."

ಸೀತಾಲಕ್ಷ್ಮಿ ಮೆಟ್ಟಿಲ ಮೇಲೇ ಕೂತಳು. ಅವಳು ಬಾಯಿ ತೆರೆಯುವ ಮುಂಚೆ ಚಾರುಲತಾಳೇ ಮುಂದುವರಿಸಿದಳು. ಕುಸುಮತಾಯಿಯ ಗಂಡ ಹೋದ ದಿನ ಇಡೀ ಕಾಲೊನಿ ಅಲ್ಲಿತ್ತು. ಸೆಕ್ರೆಟರಿಯೇ ಹೆಣಕ್ಕೆ ಹೆಗಲು ಕೊಟ್ಟ. ಮನೆಯಲ್ಲಿ ಒಲೆ ಹಚ್ಚದ ಅಷ್ಟು ದಿನವೂ ಸರದಿಯ ಮೇಲೆ ಊಟ ಕಳಿಸಿದರು. ನಿಮ್ಮನ್ನು ಅವಳು ಕೇಳಿದ್ದಳು, ಊರಿಗೆ ಹೋಗಿರಬೇಕು ಎಂದು ನಾನೇ ಹೇಳಿದೆ ಎಂದಳು. ಇಷ್ಟು ಹೇಳಿ, ಒಲೆಯ ಮೇಲೆ ಏನೋ ಇಟ್ಟಿದ್ದು ನೆನಪಾಗಿ ಮೇಲೆ ಹೋದಳು.

ಸಂಜೆ ಮಧುಸೂದನನಿಗೆ ಇದೆಲ್ಲ ತಿಳಿದಾಗ ಅವನು ಟಿವಿಯ ಸದ್ದು ಕಮ್ಮಿ ಮಾಡಿ ಗಟ್ಟಿಯಾಗಿ ನಕ್ಕ. ಇಡೀ ಕಾಲೊನಿಯಲ್ಲಿ ನಿಯತ್ತಾಗಿ ಹೋರಾಟ ಮಾಡಿದವರು ನಾವೊಬ್ಬರೇ ಕಣೇ ಎಂದ. ನಾಳೆ ಹೋಗಿ ಭಾಷೆಯ ಪ್ರಾಬ್ಲಂ ಆಯಿತು ಎಂದು ಹೇಳಿಬಿಡು, ಅವಳೂ ನಗುತ್ತಾಳೆ, ನಾಡಿದ್ದು ಮುದ್ದೆ ಮಾಡು ಎಂದೂ ಸೇರಿಸಿದ. ಸೀತಾಲಕ್ಷ್ಮಿಗೆ ಇಷ್ಟು ವರ್ಷದಲ್ಲಿ ಗಂಡನ ಮೇಲೆ ಬಾರದ ಸಿಟ್ಟು ಬಂತು. ಬೈಯಲು ಬಾಯಿ ತೆರೆದಾಗ, ಅವನನ್ನು ಕೇಳಿ ಬಾಗಿಲಲ್ಲಿ ನಿಂತವಳು ತಾನೇ ಎಂದು ನೆನಪಾಗಿ ಅದು ಅಲ್ಲೇ ಉಳಿಯಿತು. ಅವನು ಮತ್ತೆ ಸದ್ದು ಜಾಸ್ತಿ ಮಾಡಿದ.

ಬೆಳಿಗ್ಗೆ ಅವಳು ಬರಿಗೈಯಲ್ಲಿ ಹೊರಟಳು. ಚೀಲ ಒಯ್ದರೆ ಹಿಟ್ಟಿಗೆ ಬಂದಳು ಎಂದಾಗುತ್ತಿತ್ತು. ಹೇಳಬೇಕಾದ ಮರಾಠಿ ವಾಕ್ಯಗಳನ್ನು ದಾರಿಯುದ್ದಕ್ಕೂ ಬಾಯಲ್ಲಿ ಉರುಹೊಡೆದಳು. ಕ್ಷಮಿಸಿ ಎನ್ನುವುದಕ್ಕೆ ಮಾಫ್ ಎನ್ನಬೇಕೋ ಕ್ಷಮಾ ಎನ್ನಬೇಕೋ ತಿಳಿಯದೆ, ಕೃತಿಯನ್ನು ಕೇಳಿಕೊಂಡು ಬರಬೇಕಿತ್ತು ಎಂದುಕೊಂಡಳು. ಕುಸುಮತಾಯಿ ಒಂದು ಸಲ ಮೊದಲಿನ ಹಾಗೆ ವಹಿನಿ ಎಂದರೆ ಸಾಕು, ಇನ್ನೇನೂ ಬೇಡ ಎನಿಸುತ್ತಿತ್ತು. ಈ ಊರಿನಲ್ಲಿ ಅವಳನ್ನು ಹಾಗೆ ಕರೆಯುವವರು ಬೇರೆ ಯಾರೂ ಇರಲಿಲ್ಲ.

ಗಿರಣಿಯಲ್ಲಿ ಮೂರ್ನಾಲ್ಕು ಹೆಂಗಸರು ಡಬ್ಬಿಗಳನ್ನು ಸಾಲಾಗಿಟ್ಟು ನಿಂತಿದ್ದರು. ಮೈಕ್ ಹಿಡಿದು ಕೂಗಿದ್ದ ಸೆಕ್ರೆಟರಿಯ ಹೆಂಡತಿ ಗೋಧಿಯ ಚೀಲದ ಮೇಲೆ ಕೂತು ಚಹಾ ಕುಡಿಯುತ್ತಿದ್ದಳು. ಕುಸುಮತಾಯಿ ಸೊರಗಿಹೋಗಿದ್ದಳು. ಕೊರಳು ಬರಿದಾಗಿತ್ತು. ಸೀತಾಲಕ್ಷ್ಮಿಯನ್ನು ನೋಡಿದಳು, ಜರಡಿಯನ್ನು ಕೊಡವಿದಳು.

"ಏನು ಬೀಸಬೇಕು?" ಎಂದಳು ಮರಾಠಿಯಲ್ಲಿ, ಹೊಸ ಗಿರಾಕಿಯನ್ನು ಕೇಳುವ ಹಾಗೆ.

ಏನೂ ಇಲ್ಲ ಎಂದಳು ಸೀತಾಲಕ್ಷ್ಮಿ. ಉರುಹೊಡೆದ ವಾಕ್ಯಗಳೆಲ್ಲ ಕಲಸಿಹೋದವು. ಗೇಟಿನ ಫಲಕ, ಊರಿನ ಬಸ್ಸು, ಬೀಡಿ ಸಿಗರೇಟು, ನಮ್ಮಲ್ಲಿ ಆ ಶಬ್ದಕ್ಕೆ ಬಂದಿ ಎಂದರ್ಥ, ಹಾಗಾಗಿ ಬರಲಿಲ್ಲ ಎಂದು ಅರ್ಧ ಹಿಂದಿಯಲ್ಲಿ ಅರ್ಧ ಮರಾಠಿಯಲ್ಲಿ ಹೇಗೋ ಹೇಳಿ ಮುಗಿಸಿದಳು. ಸೆಕ್ರೆಟರಿಯ ಹೆಂಡತಿಗೆ ಚಹಾ ನೆತ್ತಿಗೇರುವಷ್ಟು ನಗು ಬಂತು. ಉಳಿದವರೂ ನಕ್ಕರು. ಕೇಳಿದರೆ ನಗುವಂಥದ್ದೇ ಆಗಿತ್ತು, ಅದನ್ನು ಹೇಳುವಾಗ ಸೀತಾಲಕ್ಷ್ಮಿಗೇ ಅದು ತಿಳಿಯುತ್ತಿತ್ತು. ಕುಸುಮತಾಯಿ ನಗಲಿಲ್ಲ.

"ಅಂದರೆ, ನಿಜವಾಗಿಯೂ ಬಂದಿ ಹಾಕಿದ್ದರೆ," ಎಂದು ಅವಳು ಜರಡಿಯನ್ನು ಕೆಳಗಿಟ್ಟು ಕೇಳಿದಳು, "ನೀವು ಮಾಡಿದ್ದು ಸರಿಯಾಗುತ್ತಿತ್ತಾ?"

ಸೀತಾಲಕ್ಷ್ಮಿ ರಾತ್ರಿಯೆಲ್ಲ ಯೋಚಿಸಿದ್ದರಲ್ಲಿ ಈ ಪ್ರಶ್ನೆಯೇ ಬಂದಿರಲಿಲ್ಲ.

"ಇವಳು ನನ್ನ ಬಾಗಿಲಲ್ಲಿ ಕೂತು ನನ್ನ ಹೆಸರು ಹಿಡಿದು ಕೂಗಿದಳು," ಎಂದು ಕುಸುಮತಾಯಿ ಸೆಕ್ರೆಟರಿಯ ಹೆಂಡತಿಯತ್ತ ಕೈ ತೋರಿದಳು. "ನಾನೂ ಒಳಗಿನಿಂದ ಬಾಯಿಗೆ ಬಂದದ್ದು ಅಂದೆ. ನನ್ನ ಯಜಮಾನರು ಹೋದ ದಿನ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳೂ ಇವಳೇ. ನೀವು ಕೂಗಲೂ ಇಲ್ಲ, ಬರಲೂ ಇಲ್ಲ. ನಾನು ಕರೆದೆ, ತಿರುಗಿ ನೋಡಲಿಲ್ಲ. ಅವರು ಆಸ್ಪತ್ರೆಯ ಮಂಚದಲ್ಲಿ ಕೇಳುತ್ತಿದ್ದರು, ಕರ್ನಾಟಕ ಎಲ್ಲಿ, ಕರ್ನಾಟಕ ಸಿಟ್ಟಾಗಿದೆಯಾ ಅಂತ. ಏನು ಹೇಳಲಿ ನಾನು?"

ಸೀತಾಲಕ್ಷ್ಮಿಯ ಕಣ್ಣು ತುಂಬಿ ಹರಿಯಿತು, ಒರೆಸಿಕೊಳ್ಳಲಿಲ್ಲ. ಮರಾಠಿಯ ಮಾತು ಒಂದೂ ಸಿಗಲಿಲ್ಲ. "ಸರಿ ಆಗ್ತಿರ್ಲಿಲ್ಲ," ಎಂದಳು ಕನ್ನಡದಲ್ಲೇ. "ಹೆದರ್ಕೊಂಡಿದ್ದೆ. ಅಷ್ಟೇ. ಆ ಫಲಕ ಇಲ್ದಿದ್ರೂ, ಯಾರಾದ್ರೂ ಬಂದು ಹೋಗ್ಬೇಡ ಅಂತ ಬರೀ ಬಾಯಲ್ಲಿ ಹೇಳಿದ್ದಿದ್ರೂ ನಾನು ಬರ್ತಿರ್ಲಿಲ್ಲ."

ಅಲ್ಲಿದ್ದ ಯಾರಿಗೂ ಅದು ಅರ್ಥವಾಗುವಂತಿರಲಿಲ್ಲ. ಕುಸುಮತಾಯಿ ಅವಳ ಬಾಯಿಯನ್ನೇ ನೋಡಿದಳು. ನನ್ನದು ಜಲ್ದಿ ಮಾಡು, ಮಕ್ಕಳ ಡಬ್ಬಿ ಕಟ್ಟಬೇಕು ಎಂದು ಸಾಲಿನಿಂದ ಯಾರೋ ಮೆಲ್ಲಗೆ ಹೇಳಿದರು. ಕುಸುಮತಾಯಿ ಗೋಧಿಯ ಡಬ್ಬಿಯನ್ನು ಎತ್ತಿ ಗಿರಣಿಯ ಮೇಲಿನ ಬಾಯಿಗೆ ಸುರಿದು, ಗೋಡೆಯ ಗುಂಡಿ ಒತ್ತಿದಳು. ಯಂತ್ರದ ಬೆಲ್ಟು ಒಮ್ಮೆ ಜಾರಿ, ಹಿಡಿದುಕೊಂಡು, ಇಡೀ ಕೋಣೆ ಗಡಗಡನೆ ಅದುರಿತು.

ಇನ್ನು ಮಾತು ಮುಗಿಯಿತು ಎಂದು ಸೀತಾಲಕ್ಷ್ಮಿ ಬಾಗಿಲ ಕಡೆ ತಿರುಗಿದಳು. ಯಾರೋ ತೋಳು ಹಿಡಿದು ಜಗ್ಗಿದರು. ಕುಸುಮತಾಯಿ. ಹಿಟ್ಟಿನ ಕೈಯಿಂದ ತೋಳನ್ನು ಬಿಗಿಯಾಗಿ ಹಿಡಿದುಕೊಂಡು, ಮುಖದ ಹತ್ತಿರ ಮುಖ ತಂದು, ಅವಳು ಬೈಯತೊಡಗಿದ್ದಳು. ಕೊರಳ ನರ ಉಬ್ಬಿತ್ತು. ಇನ್ನೊಂದು ಕೈ ಒಮ್ಮೆ ಬಾಗಿಲ ಬಳಿಯ ಖಾಲಿ ಕುರ್ಚಿಯನ್ನು, ಒಮ್ಮೆ ರಸ್ತೆಯನ್ನು, ಒಮ್ಮೆ ಸೀತಾಲಕ್ಷ್ಮಿಯ ಎದೆಯನ್ನು ತೋರಿಸುತ್ತಿತ್ತು. ಕಲ್ಲಿನ ಸದ್ದಿನಲ್ಲಿ ಒಂದು ಶಬ್ದವೂ ಕೇಳಿಸುತ್ತಿರಲಿಲ್ಲ. ಸಾಲಿನ ಹೆಂಗಸರು ತಮ್ಮ ಡಬ್ಬಿಗಳನ್ನು ಕಾಲಿನಿಂದ ಸರಿಸಿ ಅವರಿಬ್ಬರಿಗೂ ಜಾಗ ಬಿಟ್ಟರು. ಸೀತಾಲಕ್ಷ್ಮಿ ಒಂದೊಂದಕ್ಕೂ ತಲೆಯಾಡಿಸುತ್ತ ನಿಂತೇ ಇದ್ದಳು.